ಬರುವ ನಾಯಿ, ತರುವ ನಾಯಿ

ಬೆಂಗಳೂರಿನ ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಸುತ್ತ ನಾಯಿ ಹಿಡಿದುಕೊಂಡು ಓಡಾಡುವುದು ಬುದ್ಧಿವಂತರ ಕೆಲಸವಲ್ಲ. ಬೆಳಗಿನ ಜಾವವಾದರೆ ಮೀನಿನ ಪೆಟ್ಟಿಗೆಗಳಿಂದ ಸೋರಿದ ಐಸ್ ನೀರು, ಹಗಲಾದರೆ ತಳ್ಳುಗಾಡಿ, ಆಟೊ, ತಲೆಹೊರೆ. ಇವೆಲ್ಲದರ ನಡುವೆ, ಈ ಜಾಗ ತಮ್ಮದೆಂದು ಯಾವತ್ತೋ ತೀರ್ಮಾನಿಸಿಕೊಂಡಿರುವ ಮಾರುಕಟ್ಟೆಯ ನಾಯಿಗಳು. ಈ ಕಟ್ಟಡ ಎದ್ದದ್ದು 1927ರಲ್ಲಿ. ಅಂದಿನ ಮುನಿಸಿಪಲ್ ಕಮಿಷನರ್ ರಸೆಲ್ ಅವರ ಹೆಸರು ಇದಕ್ಕೆ. 1933ರಲ್ಲಿ ಉದ್ಘಾಟಿಸಿದವರು ವರ್ತಕ ಇಸ್ಮಾಯಿಲ್ ಸೇಠ್. ಈ ವಿವರ ಯಾವುದನ್ನೂ ನಾಯಿಗಳು ಒಪ್ಪುವುದಿಲ್ಲ. ಮಾಂಸದ ಸಾಲಿನ ಎದುರು ಕೂರುವ ಕಂದು ನಾಯಿ ಹೂವಿನ ಅಂಗಡಿಗಳ ಕಡೆಗೆ ಹೋಗುವುದಿಲ್ಲ. ಹೂವಿನ ಕಡೆಯ ಬಿಳಿ ನಾಯಿ ಸೇಂಟ್ ಮೇರಿ ಬೆಸಿಲಿಕಾದ ಗೇಟಿನವರೆಗೆ ಬಂದು, ಯಾರೋ ಅಲ್ಲಿ ಗೆರೆ ಎಳೆದಿದ್ದಾರೆಂಬಂತೆ ನಿಂತು, ವಾಪಸಾಗುತ್ತದೆ. ಅಂಗಡಿ ತೆರೆಯುವ ಹೊತ್ತು, ಕಸದ ಲಾರಿ ಬರುವ ಹೊತ್ತು, ಬಿಸಿಲು ಏರುವ ಹೊತ್ತು, ಇವುಗಳಿಗೆ ತಕ್ಕಂತೆ ಅವುಗಳ ದಿನಚರಿ. ದಿನಕ್ಕೆ ಎಷ್ಟು ನಡೆಯಬೇಕೋ ಅಷ್ಟನ್ನು ಅವು ತಾವೇ ನಡೆದು ಮುಗಿಸುತ್ತವೆ.

ನನ್ನ ಮನೆಯ ನಾಯಿಯೂ ಬೀದಿಯದೇ. ಅದಕ್ಕೆ ಬೇಕಾದ ಕೋಳಿಯ ಕಾಲು, ಕತ್ತು, ಚೂರುಪಾರು ತರಲು ಅದನ್ನೂ ಕರೆದುಕೊಂಡು ಇಲ್ಲಿಗೆ ಬರುವುದುಂಟು. ಒಮ್ಮೆ ಅದು ಅಂಗಡಿಯ ಮೆಟ್ಟಿಲ ಹತ್ತಿರ ನಾಲ್ಕೂ ಕಾಲು ಊರಿ ನಿಂತುಬಿಟ್ಟಿತು. ನಾನು ಚೈನು ಎಳೆದೆ. ಕೊರಳ ಪಟ್ಟಿ ಕಿವಿಯವರೆಗೆ ಜಾರಿ ಚರ್ಮ ಮಡಿಕೆ ಮಡಿಕೆಯಾಗಿ ಮುಖದ ಮೇಲೆ ಬಂತು. ಅಂಗಡಿಯ ಭಾಯ್ ಕತ್ತಿ ಒರೆಸುತ್ತಾ ನೋಡುತ್ತಿದ್ದರು.

“ಅದು ಬರ್ತಿಲ್ಲ ಸಾರ್. ನೀವು ತರ್ತಿದ್ದೀರಿ,” ಅಂದರು.

“ಇನ್ನೇನು ಮಾಡೋದು ಭಾಯ್? ಇಲ್ಲಿ ಬಿಟ್ಟರೆ ಕಚ್ಚಾಡಿಕೊಂಡು ಸಾಯ್ತವೆ.”

“ಬಿಡಿ ಅಂದೆನಾ? ಒಂದು ನಿಮಿಷ ನಿಲ್ಲಿ ಅಂದೆ.”

ನಿಂತೆ. ನಾಯಿ ಮೆಟ್ಟಿಲ ಮೂಲೆಯನ್ನು ಎಡದಿಂದ ಬಲಕ್ಕೆ, ಮತ್ತೆ ಬಲದಿಂದ ಎಡಕ್ಕೆ ಮೂಸಿತು. ಅಲ್ಲಿ ಏನಿತ್ತೋ. ಮುಗಿದ ಮೇಲೆ ತಾನೇ ಹೊರಟಿತು.

ಬರುವುದಕ್ಕೂ ತರುವುದಕ್ಕೂ ಇರುವ ಈ ವ್ಯತ್ಯಾಸ ಆಮೇಲೆ ನನ್ನನ್ನು ಬಿಡಲಿಲ್ಲ. ನಮ್ಮ ನಗರದಲ್ಲಿ ನಾಯಿ ಸಾಕುವವರು ಹೆಚ್ಚಿದ್ದಾರೆ, ಭಾನುವಾರ ನಾಯಿಯ ಜೊತೆ ಊರಾಚೆ ಹೋಗುವವರೂ ಹೆಚ್ಚಿದ್ದಾರೆ. ಇಂದಿರಾನಗರದಿಂದ ಕಾರು ನಸುಕಿಗೇ ಹೊರಡುತ್ತದೆ: ನಂದಿಯ ತಪ್ಪಲು, ಸಾವನದುರ್ಗ, ಅರ್ಕಾವತಿ ಹರಿಯುವ ಮಂಚನಬೆಲೆಯ ಕಡೆ. ಒಳ್ಳೆಯದೇ. ಆದರೆ ಅಲ್ಲಿ ಕೂಡ ನಾವು ತರುತ್ತಲೇ ಇರುತ್ತೇವೆ. ಸಾವನದುರ್ಗ ಎಂದರೆ ಒಂದೇ ಬೋಳು ಬಂಡೆ. ಹತ್ತು ಗಂಟೆಗೆಲ್ಲ ಬೂಟು ಹಾಕಿಕೊಂಡ ನಮಗೆ ತಿಳಿಯದ ಬಿಸಿ ನಾಯಿಯ ಅಂಗಾಲಿಗೆ ತಟ್ಟಿರುತ್ತದೆ. ತುದಿ ಮುಟ್ಟಬೇಕೆನ್ನುವ ಹಟ ನಮ್ಮದು. ಬೆಟ್ಟದ ಬುಡದ ಲಂಟಾನ ಪೊದೆಯೊಂದರಲ್ಲೇ ನಾಯಿಗೆ ಅರ್ಧ ದಿನಕ್ಕೆ ಸಾಲುವಷ್ಟು ಸುದ್ದಿಯಿದೆ. ಮೇಲೆ ಹೋಗಿ ಫೋಟೊ ತೆಗೆಸಿಕೊಳ್ಳುವ ನಾಯಿಯ ನಾಲಿಗೆ ಎಷ್ಟು ಉದ್ದ ಹೊರಗೆ ಬಂದಿದೆ ಎಂದು ಆ ಫೋಟೊ ನೋಡಿ ಲೈಕ್ ಒತ್ತುವವರು ಗಮನಿಸುವುದಿಲ್ಲ.

ಹಾಗೆಂದು ನಾಯಿಯ ಮರ್ಜಿಗೆ ಎಲ್ಲವನ್ನೂ ಬಿಡುವುದೂ ಸಲ್ಲ. ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ಚೈನು ಬಿಚ್ಚಿದರೆ ನಾಯಿಗೆ ಸ್ವರ್ಗ. ಆದರೆ ಅಲ್ಲಿ ಟಿಟ್ಟಿಭ, ನೆಲಗುಬ್ಬಿಗಳು ಬರೀ ನೆಲದ ಮೇಲೆ ಮೊಟ್ಟೆಯಿಡುತ್ತವೆ. ಸಾಕುನಾಯಿಯ ಅರ್ಧ ಗಂಟೆಯ ಸಂಭ್ರಮಕ್ಕೆ ಒಂದು ಹಕ್ಕಿಯ ಆ ವರ್ಷದ ಸಂಸಾರ ಹೋಗಬಹುದು. ಕಾಡಿನಂಚಿನಲ್ಲಿ ಇನ್ನೂ ಗಂಭೀರ: ನಾಯಿಗಳ ಡಿಸ್ಟೆಂಪರ್ ರೋಗ ಕಾಡುಮೃಗಗಳಿಗೂ ಹರಡಬಲ್ಲದು. ಅಲ್ಲೆಲ್ಲ ಚೈನು ಎಳೆದು ಹಿಡಿಯುವುದೇ ಸರಿ. ನಾಯಿಯ ದಾರಿಯೂ ಎಲ್ಲೋ ಒಂದು ಕಡೆ ಇನ್ನೊಬ್ಬರ ಮನೆಯಂಗಳ.

ಊರಾಚೆ ಹೋಗುವವರಿಗೆ ನಾನು ಹೇಳುವುದು, ಕಣಿವೆ ಹುಡುಕಿಕೊಂಡು ಅಷ್ಟು ದೂರ ಹೋಗಬೇಕಿಲ್ಲ ಎಂದು. ಬೆಂಗಳೂರು ಕೂತಿರುವುದೇ ದಿಣ್ಣೆಯ ಬೆನ್ನಿನ ಮೇಲೆ. ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿ ಹಿಡಿದು ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ. ಕಂಟೋನ್ಮೆಂಟಿನ ಈ ಕಡೆಯ ಬಹಳಷ್ಟು ನೀರು ಹಲಸೂರು ಕೆರೆಗೆ, ಅಲ್ಲಿಂದ ಬೆಳ್ಳಂದೂರು, ವರ್ತೂರು ದಾಟಿ ದಕ್ಷಿಣ ಪಿನಾಕಿನಿಗೆ. ನಕ್ಷೆಯಲ್ಲಿ ಇದಕ್ಕೆ ಕೋರಮಂಗಲ–ಚಲ್ಲಘಟ್ಟ ಕಣಿವೆ ಎಂದು ಹೆಸರು. ಕಾರಿನಲ್ಲಿ ಹೋಗುವವನಿಗೆ ಈ ಇಳಿಜಾರು ಗೊತ್ತಾಗುವುದಿಲ್ಲ, ನಾಯಿಯ ಜೊತೆ ನಡೆಯುವವನಿಗೆ ಗೊತ್ತಾಗುತ್ತದೆ. ನಮ್ಮ ನಾಯಿಗೆ ದಾರಿ ಆರಿಸಲು ಬಿಟ್ಟರೆ, ಮಾರುಕಟ್ಟೆಯ ಗದ್ದಲ ದಾಟಿದ ಮೇಲೆ ಅದು ಹೆಚ್ಚಾಗಿ ಸೇಂಟ್ ಜಾನ್ಸ್ ರಸ್ತೆಯ ದಿಕ್ಕು ಹಿಡಿದು ಕೆರೆಯತ್ತ ಇಳಿಯುತ್ತದೆ. ಚಪ್ಪಡಿ ಮುಚ್ಚಿದ ಚರಂಡಿಯ ಸಂದು ಸಂದಿನಲ್ಲಿ ಮೂಗಿಟ್ಟು, ಕೆಳಗೆ ಹರಿಯುವುದನ್ನು ಓದಿಕೊಂಡು ಹೋಗುತ್ತದೆ. ನಾವು ಮುಚ್ಚಿ ಮರೆತಿರುವ ಹಳ್ಳ ಅದಕ್ಕೆ ತೆರೆದೇ ಇದೆ. ಇದೇ ಕಣಿವೆಯ ಇನ್ನೊಂದು ತೋಳಿನಲ್ಲಿ, ಮೆಜೆಸ್ಟಿಕ್ ಕಡೆಯಿಂದ ಶಾಂತಿನಗರದ ಮೂಲಕ ಬೆಳ್ಳಂದೂರಿಗೆ ಹೋಗುವ ಕೆ-100 ರಾಜಕಾಲುವೆಯ ಅಂಚಿನಲ್ಲಿ, ಜನ ನಡೆಯಲೆಂದು ದಾರಿ ಮಾಡಿದ್ದಾರೆ. ಮೂಗು ಮುಚ್ಚಿಕೊಂಡು ನಡೆಯುವವರೇ ಜಾಸ್ತಿ. ಮೂಗು ತೆರೆದು ನಡೆಯುವ ಪ್ರಾಣಿಯೊಂದು ಜೊತೆಗಿದ್ದರೆ ಆ ನೀರಿಗೆ ಯಾರು ಏನು ಸುರಿದಿದ್ದಾರೆಂಬ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವುದು ಕಷ್ಟ.

ಕೆರೆಯವರೆಗಿನ ಈ ದಾರಿಗೆ ಸಾಮಾನ್ಯ ಕಾಲುನಡಿಗೆಯಲ್ಲಿ ಮುಕ್ಕಾಲು ಗಂಟೆ ಬೇಕಿಲ್ಲ. ನಾಯಿಯ ಲೆಕ್ಕದಲ್ಲಿ ಅದಕ್ಕೆ ಕೊನೆಯಿಲ್ಲ. ಲೈಟು ಕಂಬದ ಬುಡದಲ್ಲಿ ನಿಂತಾಗ ನನ್ನ ಕೈ ತಾನಾಗಿಯೇ ಚೈನನ್ನು ಸೆಳೆಯುತ್ತದೆ. ಆಫೀಸಿಗೆ ಹೊತ್ತಾಯಿತು ಎನ್ನುವ ಸೆಳೆತ ಅದು, ಯಾವ ಆಫೀಸೂ ಇಲ್ಲದ ದಿನವೂ. ಜೊತೆಗೆ ನಡೆಯುವುದು ಸುಲಭ ಎಂದುಕೊಂಡಿದ್ದೇವೆ. ಇಬ್ಬರ ವೇಗ ಒಂದೇ ಆಗಿರುವಾಗ ಅದು ಸುಲಭವೇ. ಮುದುಕಿ ತಾಯಿಯ ಜೊತೆ, ನಡೆಯಲು ಕಲಿಯುತ್ತಿರುವ ಮಗುವಿನ ಜೊತೆ ಹೋದವರಿಗೆ ಗೊತ್ತು, ತನ್ನ ವೇಗದಲ್ಲಿ ಒಂದು ಪಾಲನ್ನು ಬಿಟ್ಟುಕೊಡದೆ ಯಾರ ಜೊತೆಯೂ ನಡೆದಂತಾಗುವುದಿಲ್ಲ. ಇಂದಿರಾನಗರದ ಅಡ್ಡರಸ್ತೆಗಳಲ್ಲಿ ಬೆಳಿಗ್ಗೆ ಎರಡೆರಡು, ಮೂರು ಮೂರು ನಾಯಿಗಳನ್ನು ಒಟ್ಟಿಗೆ ಹಿಡಿದು ಹೋಗುವ ಹುಡುಗರಿದ್ದಾರೆ. ಸಂಬಳಕ್ಕೆ ನಾಯಿ ನಡೆಸುವವರು. ಒಂದು ಮನೆಯಿಂದ ಇನ್ನೊಂದು ಮನೆಗೆ ಓಡಬೇಕಾದ ಅವರಿಗೆ ಕಂಬದ ಬುಡದಲ್ಲಿ ನಿಲ್ಲಲು ಪುರುಸೊತ್ತಿಲ್ಲ. ಅದು ಅವರ ತಪ್ಪಲ್ಲ. ಬಿಟ್ಟುಕೊಡಲು ಅವರ ಹತ್ತಿರ ಸಮಯವೇ ಇಲ್ಲ, ಅದನ್ನು ಬೇರೆಯವರು ಕೊಂಡುಬಿಟ್ಟಿದ್ದಾರೆ.

ದಾರಿ ಅಗಲವಾಗಿರುವಾಗ ಯಾರ ಸ್ನೇಹವೂ ಪರೀಕ್ಷೆಗೆ ಒಳಗಾಗುವುದಿಲ್ಲ. ಕಿರಿದಾದ ಕಡೆ ಗೊತ್ತಾಗುತ್ತದೆ. ರಸೆಲ್ ಮಾರುಕಟ್ಟೆಯಿಂದ ಹೆಚ್ಚು ದೂರವಿಲ್ಲದ ಒಂದು ಬೀದಿಗೆ ಧರ್ಮರಾಜ ಕೋವಿಲ್ ಬೀದಿ ಎಂದು ಹೆಸರು. ಅಲ್ಲಿ ಹಾಯುವಾಗಲೆಲ್ಲ ಮಹಾಪ್ರಸ್ಥಾನದ ನಾಯಿ ನೆನಪಾಗುತ್ತದೆ. ಹಸ್ತಿನಾವತಿಯಿಂದ ಹೊರಟ ಪಾಂಡವರ ಹಿಂದೆ ಅದು ತಾನಾಗಿಯೇ ಬಂತು, ಯಾರೂ ಕರೆದಿರಲಿಲ್ಲ. ದಾರಿಯಲ್ಲಿ ದ್ರೌಪದಿ ಬಿದ್ದಳು, ತಮ್ಮಂದಿರು ಒಬ್ಬೊಬ್ಬರಾಗಿ ಬಿದ್ದರು; ಧರ್ಮರಾಯ ತಿರುಗಿ ನೋಡದೆ ನಡೆದ. ಕೊನೆಗೆ ಇಂದ್ರನ ರಥ ಬಂದು, ನಾಯಿಗೆ ಜಾಗವಿಲ್ಲ ಎಂದಾಗ ಮಾತ್ರ ನಿಂತುಬಿಟ್ಟ. ಚಿಕ್ಕಂದಿನಲ್ಲಿ ಇದು ನನಗೆ ಸಿಟ್ಟು ತರಿಸುತ್ತಿತ್ತು. ಒಡಹುಟ್ಟಿದವರಿಗೆ ನಿಲ್ಲದವನು ನಾಯಿಗೆ ನಿಲ್ಲುವುದೆಂದರೇನು? ಇಂದ್ರನೂ ಇದನ್ನೇ ಕೇಳುತ್ತಾನೆ. ಸತ್ತವರನ್ನು ನಾನು ಬದುಕಿಸಲಾರೆ, ಬದುಕಿದ್ದಾಗ ಅವರನ್ನು ಬಿಟ್ಟವನಲ್ಲ ಎಂಬ ಅರ್ಥದ ಉತ್ತರ ಧರ್ಮರಾಯನದು. ನಾಯಿ ಇನ್ನೂ ಬದುಕಿದೆ, ಪಕ್ಕದಲ್ಲಿದೆ, ನನ್ನನ್ನು ನಂಬಿದೆ. ಮಾಡಲು ಇನ್ನೂ ಏನಾದರೂ ಉಳಿದಿರುವುದು ಅದಕ್ಕೊಂದಕ್ಕೇ.

ಧರ್ಮರಾಯನಿಗೆ ಇಲ್ಲವೆನ್ನುವ ಸ್ವಾತಂತ್ರ್ಯವಿತ್ತು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯ ಗುತ್ತಿಗೆ ಅದಿರಲಿಲ್ಲ. ಸಿಂಬಾವಿ ಹೆಗ್ಗಡೆಯವರ ಜೀತದಾಳು. ಹುಲಿಯ ಎಂಬ ನಾಯಿ ಸದಾ ಜೊತೆಗಿದ್ದುದರಿಂದ ನಾಯಿಗುತ್ತಿ ಎಂದೇ ಹೆಸರು. ಕನ್ನಡದಲ್ಲಿ ಮನುಷ್ಯ ಮತ್ತು ನಾಯಿ ಜೊತೆಯಾಗಿ ಬೆಟ್ಟ, ಕಣಿವೆ, ಹೊಳೆ ಸುತ್ತಿದ್ದನ್ನು ಇಷ್ಟು ದಟ್ಟವಾಗಿ ಬರೆದ ಪುಸ್ತಕ ಇನ್ನೊಂದಿಲ್ಲ. ತೇಜಸ್ವಿಯವರ ‘ಕಿವಿ’ ಎಂಬ ನಾಯಿಯನ್ನು ಮರೆತು ಈ ಮಾತು ಹೇಳುತ್ತಿಲ್ಲ. ಮೇಲ್ಜಾತಿಯವರ ಮನೆ ಬಂದಾಗ ಗುತ್ತಿ ಅಂಗಳದಾಚೆ ನಿಲ್ಲಬೇಕು. ಒಳಗೆ ಪ್ರವೇಶವಿಲ್ಲ ಎಂಬ ಕಟ್ಟಳೆ ಮೊದಲು ಇರುವುದು ಅವನಿಗೇ. ಕೊನೆಗೆ ಉಕ್ಕಿ ಹರಿಯುವ ತುಂಗೆಯಲ್ಲಿ ಹುಲಿಯ ಕೊಚ್ಚಿಹೋಗುತ್ತದೆ. ಅದಕ್ಕಾಗಿ ಗುತ್ತಿಯನ್ನು ಧರ್ಮರಾಯನ ಪಕ್ಕ ನಿಲ್ಲಿಸಿ ತೂಗುವವರ ಮೇಲೆ ನನಗೆ ನಂಬಿಕೆಯಿಲ್ಲ. ಒಬ್ಬನಿಗಾಗಿ ದೇವರಾಜನ ರಥ ಕಾದು ನಿಂತಿತ್ತು, ಇನ್ನೊಬ್ಬನು ತಪ್ಪಿಸಿಕೊಂಡು ಓಡುತ್ತಿದ್ದವನು.

ನಾಯಿಯನ್ನು ಬಿಟ್ಟುಕೊಡಬಾರದೆಂಬ ಈ ಮಾತನ್ನು ಮಾರುಕಟ್ಟೆಗೆ ತಂದರೆ ಬೇರೆ ತೊಡಕು. ನಸುಕಿನ ನಾಲ್ಕಕ್ಕೆ ಮೂಟೆ ಇಳಿಸಲು ಬರುವ ಹಮಾಲಿಯನ್ನು ಇದೇ ನಾಯಿಗಳು ಅಟ್ಟಿಸಿಕೊಂಡು ಬರುತ್ತವೆ. ಪೇಪರ್ ಹಾಕುವ ಹುಡುಗ ಸೈಕಲ್ ಮೇಲೆ ಕಾಲೆತ್ತಿಕೊಂಡೇ ಗಲ್ಲಿ ದಾಟುತ್ತಾನೆ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಮದ್ದಿಲ್ಲ. ನಾಯಿ ಪ್ರೀತಿಯ ಬಗ್ಗೆ ಬರೆಯುವವರು, ನಾನೂ ಸೇರಿ, ಹೆಚ್ಚಾಗಿ ಗೇಟಿನ ಒಳಗಿರುವವರು. ಕಚ್ಚಿಸಿಕೊಳ್ಳುವವರು ನಡೆದು ಕೆಲಸಕ್ಕೆ ಹೋಗುವವರು. ದಾರಿ ನಾಯಿಗೂ ಬೇಕು ಎನ್ನುವವನು ಹಮಾಲಿಗೂ ಅದೇ ಹೊತ್ತಿನಲ್ಲಿ ಅದೇ ದಾರಿ ಬೇಕೆಂಬುದಕ್ಕೆ ಉತ್ತರ ಕೊಡಬೇಕು. ಅಂಥ ಉತ್ತರಗಳಲ್ಲಿ ಸದ್ಯಕ್ಕೆ ಕಣ್ಣಿಗೆ ಕಾಣುವುದು ನಾಯಿಯ ಕಿವಿಯ ತುದಿಯಲ್ಲಿರುವ ಕಚ್ಚು: ಹಿಡಿದು, ಸಂತಾನಹರಣ ಮಾಡಿ, ಲಸಿಕೆ ಹಾಕಿ ಬಿಟ್ಟಿದ್ದೇವೆಂಬ ಗುರುತು. 2023ರ ನಿಯಮಗಳ ಪ್ರಕಾರ ಹಿಡಿದ ಜಾಗಕ್ಕೇ ತಂದು ಬಿಡಬೇಕು. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಕೂಡ, ರೇಬೀಸ್ ತಗಲಿದ ಅಥವಾ ಮೇಲೆರಗುವ ನಾಯಿಗಳನ್ನು ಬಿಟ್ಟು, ಉಳಿದವನ್ನು ಅವುಗಳ ಜಾಗಕ್ಕೇ ಮರಳಿಸಿ ಎಂದಿತು. ನವೆಂಬರಿನಲ್ಲಿ, ಶಾಲೆ, ಆಸ್ಪತ್ರೆ, ಬಸ್ ಮತ್ತು ರೈಲು ನಿಲ್ದಾಣಗಳ ಆವರಣದಿಂದ ಹಿಡಿದವನ್ನು ಮತ್ತೆ ಅಲ್ಲಿ ಬಿಡಕೂಡದು ಎಂದಿತು. ಎರಡಕ್ಕೂ ಕಾರಣಗಳಿವೆ. ಶಿವಾಜಿನಗರದಲ್ಲಿ ಮಾತ್ರ ಮಾರುಕಟ್ಟೆಯೂ ಬಸ್ ನಿಲ್ದಾಣವೂ ಬೌರಿಂಗ್ ಆಸ್ಪತ್ರೆಯೂ ಒಂದಕ್ಕೊಂದು ಕೂಗಳತೆಯಲ್ಲಿವೆ. ಮೀನಿನ ಅಂಗಡಿಯ ಮುಂದೆ ಸಿಕ್ಕ ನಾಯಿ ಊರಿಗೆ ವಾಪಸು. ಅದೇ ನಾಯಿ ನೆರಳು ಹುಡುಕಿಕೊಂಡು ಬಸ್ಸಿನ ಅಡಿಗೆ ಹೋಗಿ ಮಲಗಿದ್ದರೆ ಇಲ್ಲ.

ನಾಯಿಯ ವಿಷಯದಲ್ಲಿ ಇನ್ನೂ ಹಳೆಯ ಉತ್ತರವೊಂದಿದೆ. ಇದೇ ಕಂಟೋನ್ಮೆಂಟಿನ ಅಂಚಿನಲ್ಲಿ, ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ, ಮದ್ದೂರು ತಾಲ್ಲೂಕಿನ ಆತಕೂರಿನಿಂದ ತಂದ ಕಲ್ಲೊಂದಿದೆ. ಮೇಲ್ಭಾಗದಲ್ಲಿ ನಾಯಿ ಮತ್ತು ಹಂದಿ ಒಂದರ ಮೇಲೊಂದು ಎರಗಿರುವ ಚಿತ್ರ. ಸುತ್ತ, ಕೆಳಗೆ ಹಳಗನ್ನಡದ ಬರಹ. ಕ್ರಿ.ಶ. 949–50ರದು. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಗಂಗರ ಬೂತುಗ, ತನ್ನ ಸೇವಕ ಮಣಲೇರನ ಪರಾಕ್ರಮಕ್ಕೆ ಮೆಚ್ಚಿ ಏನು ಬೇಕೆಂದು ಕೇಳಿದ. ಮಣಲೇರ ಊರು ಕೇಳಲಿಲ್ಲ, ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದ. ಆಮೇಲೆ ಬೆಳತೂರಿನ ಪಡುವಣ ಬೆಟ್ಟದಲ್ಲಿ ಅದನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟ. ನಾಯಿಯೂ ಹಂದಿಯೂ ಒಟ್ಟಿಗೇ ಸತ್ತವು.

ಕಾಳಿ ತಾನಾಗಿ ಹೋಯಿತೇ, ಮಣಲೇರ ಕಳಿಸಿದನೇ? ಬಿಟ್ಟವನು ಇವನೇ ಎಂದು ಶಾಸನವೇ ಹೇಳುತ್ತದೆ. ಅದನ್ನು ಮುಚ್ಚಿಡದೆ ಕೆತ್ತಿಸಿದ್ದಾನೆ ಎಂಬುದು ನನಗೆ ದೊಡ್ಡದಾಗಿ ಕಾಣುತ್ತದೆ. ಚಲ್ಲೇಶ್ವರ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿ, ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಭೂಮಿ ದತ್ತಿ ಬಿಟ್ಟರು. ಆ ಭೂಮಿ ಕಸಿದವನಿಗೆ ನಾಯಿಯ ಪಾಪ. ಅಲ್ಲಿನ ಪೂಜಾರಿಯಾದ ಗೊರವ ಈ ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೂ ಅದೇ ಪಾಪ. ಹಬ್ಬ ಹರಿದಿನದ ಮಾತಲ್ಲ, ಪ್ರತಿ ದಿನದ ಊಟದ ಮಾತು.

ನಮ್ಮ ಪೂರ್ವ ಬೆಂಗಳೂರಿನ ಅಪಾರ್ಟ್‌ಮೆಂಟ್ ಸಂಘಗಳ ನಿಯಮಾವಳಿಗಳಲ್ಲಿ ನಾಯಿಗೆಂದೇ ಮೀಸಲಾದ ಪುಟಗಳನ್ನು ಓದಿದ್ದೇನೆ. ಯಾವ ಲಿಫ್ಟ್ ಬಳಸಬೇಕು, ಯಾವ ಹುಲ್ಲು ತುಳಿಯಬಾರದು, ಎಷ್ಟು ದಂಡ, ಎಲ್ಲವೂ ಇದೆ. ನಾಯಿಯ ಮಾಲೀಕನಾಗಲಿ ಸಂಘದ ಕಾರ್ಯದರ್ಶಿಯಾಗಲಿ ಊಟಕ್ಕೆ ಕೂರುವ ಮುಂಚೆ ಮಾಡಬೇಕಾದ್ದು ಏನೆಂದು ಯಾವ ಪುಟದಲ್ಲೂ ಬರೆದಿಲ್ಲ.