ಕೂಡಿ ಬೆಟ್ಟವನ್ನೇರುವವರು ಯಾರ ಹೆಜ್ಜೆಗೆ ನಡೆಯತಕ್ಕದ್ದು?

ಮಳೆಗಾಲವು ತೀರಿ ಶರತ್ಕಾಲವು ಬಂತೆಂದರೆ ನಮ್ಮ ಸೀಮೆಯ ಬೆಟ್ಟಗಳು ಮನುಷ್ಯರನ್ನು ಕರೆಯುತ್ತವೆ. ಆಶ್ವೀಜ ಕಾರ್ತಿಕಗಳಲ್ಲಿ ಜೋಯಿಡಾ ತಾಲೂಕಿನ ಸಹ್ಯಾದ್ರಿಯು ಇನ್ನೂ ಹಸುರಾಗಿರುತ್ತದೆ. ಹಳ್ಳಗಳು ಇಳಿದು ದಾಟುವದಕ್ಕೆ ಅನುಕೂಲವಾಗುತ್ತವೆ; ಆಕಾಶವು ತಿಳಿಯಾಗಿ ದೂರದ ಶಿಖರಗಳು ಕಣ್ಣಿಗೆ ಬೀಳುತ್ತವೆ. ಆಗ ಹಳಿಯಾಳ ಮುಂಡಗೋಡಗಳ ಕಡೆಯವರೂ ದಾಂಡೇಲಿಯ ಪೇಟೆಯವರೂ ನಾಲ್ಕೈದು ಮಂದಿ ಸ್ನೇಹಿತರಾಗಿ ಕೂಡಿಕೊಂಡು, ಬುತ್ತಿ ಕಟ್ಟಿಕೊಂಡು, ಬೆಟ್ಟ ಹತ್ತುವದಕ್ಕೆ ಹೊರಡುತ್ತಾರೆ. ಇಲ್ಲಿಯ ಅರಣ್ಯದ ಬಹುಭಾಗವು ೨೦೦೭ರಲ್ಲಿ ಹುಲಿಗಳ ರಕ್ಷಣೆಗಾಗಿ ಮೀಸಲಾಗಿ, ೨೦೧೫ರಿಂದ ಕಾಳಿ ಹುಲಿ ಸಂರಕ್ಷಿತ ಪ್ರದೇಶವೆಂದು ಹೆಸರುಗೊಂಡಿರುವದರಿಂದ, ಅರಣ್ಯ ಇಲಾಖೆಯ ಅಪ್ಪಣೆಯಿರುವ ದಾರಿಗಳಲ್ಲಿ ಮಾತ್ರ ಹೋಗತಕ್ಕದ್ದು. ಒಬ್ಬೊಬ್ಬರಾಗಿ ಚದರಿ ನಡೆಯುವದಂತೂ ಅಪಾಯವೇ.

ಹೀಗೆ ಕೂಡಿ ಹೊರಟವರಲ್ಲಿ ಅರ್ಧ ದಾರಿಯೊಳಗೆ ಒಂದು ಪ್ರಶ್ನೆ ಹುಟ್ಟುವದುಂಟು. ಐವರಲ್ಲಿ ಇಬ್ಬರು ಬಲಿಷ್ಠರು, ಇಬ್ಬರು ಸಾಧಾರಣರು, ಒಬ್ಬನು ಏದುಸಿರು ಬಿಡುವವನು. ಯಾರ ಹೆಜ್ಜೆಗೆ ಎಲ್ಲರೂ ನಡೆಯತಕ್ಕದ್ದು? ಇದು ಕಾಲುಗಳ ಪ್ರಶ್ನೆಯೆಂದು ತೋರಿದರೂ ನಿಜವಾಗಿ ನ್ಯಾಯದ ಪ್ರಶ್ನೆಯಾಗಿದೆ. ಆದದರಿಂದ ಇದನ್ನು ಸ್ವಲ್ಪ ವಿಚಾರಿಸೋಣ.

ಬಲಿಷ್ಠನು ಹೇಳುವದೇನಂದರೆ: "ನಾನು ಯಾರಿಗೂ ಕೇಡು ಮಾಡುವದಿಲ್ಲ. ನನ್ನ ಶಕ್ತಿಗೆ ತಕ್ಕಂತೆ ನಡೆದು ಮುಂದಿನ ತಿರುವಿನಲ್ಲಿ ಕಾದು ಕೂತಿರುತ್ತೇನೆ. ಇದರಲ್ಲಿ ತಪ್ಪೇನು?" ಈ ಮಾತು ಯುಕ್ತವೆಂದು ಕಾಣುತ್ತದೆ. ಆದರೆ ಆ ತಿರುವಿನಲ್ಲಿ ನಡೆಯುವದನ್ನು ನೋಡಿರಿ. ಮುಂದೆ ಹೋದವನು ಬಂಡೆಯ ಮೇಲೆ ಕೂತು ನೀರು ಕುಡಿದು ಬೆವರಾರಿಸಿಕೊಳ್ಳುತ್ತಾನೆ. ಹಿಂದಿನವನು ಕಾಲೆಳೆಯುತ್ತಾ ಬಂದು ಮುಟ್ಟಿದ ಕೂಡಲೇ, "ಬಂದಿಯಾ? ಹಾಗಾದರೆ ಹೊರಡೋಣ" ಎಂದು ಏಳುತ್ತಾನೆ. ಹೀಗೆ ದಿನವೆಲ್ಲಾ ವಿಶ್ರಾಂತಿ ಬೇಡದವನಿಗೆ ವಿಶ್ರಾಂತಿ ಸಿಕ್ಕಿತು. ಅದು ಬೇಕಾದವನಿಗೆ ಒಂದು ನಿಮಿಷವೂ ಸಿಕ್ಕಲಿಲ್ಲ. ಕಾದವನು ತಾನು ದಯೆ ತೋರಿಸಿದೆನೆಂದು ನೆನಸುತ್ತಾನೆ. ಕಾಯಿಸಿಕೊಂಡವನು ತಾನು ಎಲ್ಲರಿಗೂ ಭಾರವಾದೆನೆಂದು ನಾಚುತ್ತಾನೆ. ಕೇಡು ಮಾಡಬೇಕೆಂಬ ಮನಸ್ಸು ಯಾರಲ್ಲಿಯೂ ಇರಲಿಲ್ಲ, ಆದರೂ ಅನ್ಯಾಯವಾಯಿತು. ಹಿಂದಿನವನಿಗಾಗಿ ನಿಲ್ಲುವದು ಬೇರೆ, ಅವನ ಸಂಗಡ ನಡೆಯುವದು ಬೇರೆ. ದನಕಾಯುವವನು ಇದನ್ನು ಬಲ್ಲನು. ಆತನು ಮಂದೆಯ ಹಿಂದೆ ನಡೆಯುತ್ತಾನೆ, ಯಾಕಂದರೆ ಬಲವಿಲ್ಲದ ಕರುವು ಇರುವದು ಅಲ್ಲಿಯೇ.

ಇದಕ್ಕೆ ಎದುರಾಗಿ ಯಾರಾದರೂ ಹೀಗೆ ಕೇಳಾರು: "ನಾಲ್ವರು ವರ್ಷವೆಲ್ಲಾ ಆಶೆಪಟ್ಟು ಬಂದಿರಲಾಗಿ, ಒಬ್ಬನ ಬಲಹೀನತೆಯ ನಿಮಿತ್ತ ಎಲ್ಲರೂ ಶಿಖರವನ್ನು ಕಾಣದೆ ತಿರುಗುವದು ನ್ಯಾಯವೋ?" ಈ ಪ್ರಶ್ನೆಯನ್ನು ಹಗುರಾಗಿ ತಳ್ಳಿಬಿಡಬಾರದು. ನಾಲ್ವರ ಸಂತೋಷವೂ ಒಂದು ಒಳ್ಳೇ ವಸ್ತುವೇ. ದುರ್ಬಲನು ತನ್ನ ದೌರ್ಬಲ್ಯದಿಂದ ಎಲ್ಲರನ್ನೂ ಆಳುವದು ಬಲಿಷ್ಠನ ದೊರೆತನದಷ್ಟೇ ಅನುಚಿತವಾದದ್ದು. ಆದದರಿಂದ ನಿಧಾನವಾಗಿ ನಡೆಯುವವನಿಗೂ ಒಂದು ಕರ್ತವ್ಯವುಂಟು. ಅದೇನಂದರೆ, ತನ್ನ ಶಕ್ತಿಯ ಅಳತೆಯನ್ನು ಹೊರಡುವ ಮೊದಲೇ ಮರೆಮಾಡದೆ ಹೇಳುವದು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಯನ್ನು ಮರೆತು, ಮಾನಕ್ಕಾಗಿ ಸುಮ್ಮನಿದ್ದು, ಮೂರು ಘಂಟೆಯ ಮೇಲೆ ಕುಸಿದು ಬೀಳುವವನು ಸ್ನೇಹಿತರಿಗೆ ಮೋಸ ಮಾಡಿದಂತಾಯಿತು. ಬೆಳಿಗ್ಗೆ ಹೇಳಿದ್ದರೆ ಚಿಕ್ಕ ಬೆಟ್ಟವನ್ನು ಆರಿಸಿಕೊಳ್ಳಬಹುದಾಗಿತ್ತು. ಅವನ ಹೊರೆಯನ್ನು ಬಲಿಷ್ಠನ ಹೆಗಲಿಗೆ ಹಾಕಬಹುದಾಗಿತ್ತು. ಹೊರೆಯನ್ನು ಸಮನಾಗಿ ಹಂಚುವದು ಲೆಕ್ಕದಲ್ಲಿ ನ್ಯಾಯವಾದೀತು. ಬಲವನ್ನು ನೋಡಿ ಹಂಚುವದು ಸ್ನೇಹದಲ್ಲಿ ನ್ಯಾಯ.

ಇನ್ನೊಂದು ಸೂಕ್ಷ್ಮವಾದ ಸಂಗತಿಯುಂಟು. ದಣಿದವನು ತಾನೇ, "ನೀವು ಹೋಗಿ ಬನ್ನಿರಿ, ನಾನು ಇಲ್ಲಿಯೇ ಕೂತಿರುತ್ತೇನೆ" ಅನ್ನುತ್ತಾನೆ. ಒಡನೆ ಮಿಕ್ಕವರು ಅಪ್ಪಣೆ ಸಿಕ್ಕಿತೆಂದು ಸಂತೋಷದಿಂದ ಹೊರಡುತ್ತಾರೆ. ಆದರೆ ಆ ಮಾತು ಯಾವಾಗಲೂ ಅಪ್ಪಣೆಯಲ್ಲ. ಅನೇಕ ಸಾರಿ ಅದು ನಾಚಿಕೆಯ ಬಾಯಿಂದ ಬಂದ ಮಾತು. ಅದು ನಿಜವಾದ ಅಪ್ಪಣೆಯೋ ಎಂದು ತಿಳಿಯುವದಕ್ಕೆ ಒಂದು ಪರೀಕ್ಷೆಯದೆ. ಮೊದಲು, "ನಾವೆಲ್ಲರೂ ತಿರುಗೋಣ, ನಮಗೆ ದುಃಖವಿಲ್ಲ" ಎಂದು ಹೇಳಿ ನೋಡಿರಿ. ಆ ಮಾತನ್ನು ಕೇಳಿದ ಮೇಲೆಯೂ ಅವನು ಹೋಗಿರೆಂದರೆ, ಒಬ್ಬನು ಅವನ ಹತ್ತಿರ ಉಳಿದು ಮಿಕ್ಕವರು ಹೋಗಬಹುದು. ತಿರುಗುವದಕ್ಕೆ ಮನಸ್ಸಿಲ್ಲದವರು ಕೇಳುವ ಅಪ್ಪಣೆಯು ಅಪ್ಪಣೆಯೇ ಅಲ್ಲ. ಅವನನ್ನು ಒಂಟಿಯಾಗಿ ಬಿಡುವದಂತೂ ಕೂಡದು. ಕಾರ್ತಿಕದಲ್ಲಿ ಕಣಿವೆಗಳೊಳಗೆ ಬೇಗನೆ ಕತ್ತಲಾಗುತ್ತದೆ. ಮಳೆಗಾಲದ ಪಾಚಿಯು ಬಂಡೆಗಳ ಮೇಲೆ ಇನ್ನೂ ಜಾರುತ್ತಿರುತ್ತದೆ. ಕರಡಿ ಕಾಡುಕೋಣಗಳ ಸಂಚಾರವೂ ಉಂಟು.

ಜಗತ್ತಿನ ಅತ್ಯುನ್ನತವಾದ ಪರ್ವತದಲ್ಲಿಯೂ ಇದೇ ಪ್ರಶ್ನೆ ಎದ್ದಿತು. ೮,೮೪೮ ಮೀಟರು ಎತ್ತರವುಳ್ಳ ಎವರೆಸ್ಟಿನಲ್ಲಿ ೨೦೦೬ನೆಯ ಮೇ ತಿಂಗಳಿನಲ್ಲಿ ಡೇವಿಡ್ ಶಾರ್ಪ್ ಎಂಬ ಇಂಗ್ಲಿಷರವನು ಶಿಖರದ ಕೆಳಗಿನ ಒಂದು ಗುಹೆಯ ಬಳಿಯಲ್ಲಿ ಶಕ್ತಿಗುಂದಿ ಕೂತು ಸತ್ತನು. ಸುಮಾರು ನಾಲ್ವತ್ತು ಮಂದಿ ಆ ದಾರಿಯಾಗಿ ಅವನನ್ನು ದಾಟಿ ಹೋಗಿದ್ದರೆಂದು ಆಗ ವರದಿಯಾಯಿತು. ಕೆಲವರು ಅವನನ್ನು ಕಾಣಲಿಲ್ಲ, ಕೆಲವರು ಸಹಾಯಕ್ಕೆ ಪ್ರಯತ್ನಿಸಿದರು. ಅಷ್ಟು ಎತ್ತರದಲ್ಲಿ ನಡೆಯಲಾರದವನನ್ನು ಹೊತ್ತು ಇಳಿಸುವದು ಬಹು ಕಷ್ಟವೆಂಬದೂ ಸತ್ಯವೇ. ಆದರೆ ಕೆಲವೇ ದಿವಸಗಳಾದ ಮೇಲೆ ಅದೇ ಪರ್ವತದಲ್ಲಿ ಬೇರೊಂದು ಸಂಗತಿ ನಡೆಯಿತು. ಸತ್ತನೆಂದು ಹಿಂದಿನ ದಿನ ಬಿಟ್ಟುಬಂದಿದ್ದ ಲಿಂಕನ್ ಹಾಲ್ ಎಂಬ ಆಸ್ಟ್ರೇಲಿಯದವನು ಬೆಳಿಗ್ಗೆ ಜೀವಂತನಾಗಿ ಕೂತಿರುವದನ್ನು ಡ್ಯಾನ್ ಮಜೂರ್ ಎಂಬವನೂ ಅವನ ಮೂವರು ಜೊತೆಗಾರರೂ ಕಂಡರು. ಶಿಖರವು ಇನ್ನು ಕೆಲವೇ ಘಂಟೆಗಳ ದಾರಿ, ದಿನವೂ ನಿರ್ಮಲವಾಗಿತ್ತು. ಅವರು ಶಿಖರವನ್ನು ಬಿಟ್ಟು ಅವನ ಬಳಿಯಲ್ಲಿ ನಿಂತರು. ಶೆರ್ಪಾ ಜನರು ಮೇಲಕ್ಕೆ ಬಂದು ಅವನನ್ನು ಇಳಿಸಿದರು, ಅವನು ಬದುಕಿಕೊಂಡನು. ಆ ನಾಲ್ವರು ಅವನ ಸ್ನೇಹಿತರಲ್ಲ, ಅವನ ತಂಡದವರೂ ಅಲ್ಲ. ಹೀಗಿರಲಾಗಿ ಅಪರಿಚಿತನಿಗಾಗಿ ಶಿಖರವನ್ನು ಬಿಟ್ಟವರನ್ನು ನೋಡಿ, ಸ್ನೇಹಿತನಿಗಾಗಿ ಒಂದು ಗುಡ್ಡವನ್ನು ಬಿಡಲಾರದವನು ಏನು ಹೇಳುವನು?

ಆದರೆ ಅಷ್ಟು ದೂರ ಹೋಗಬೇಕಾದದ್ದಿಲ್ಲ. ನಾವು ವಿನೋದಕ್ಕಾಗಿ ಏರುವ ಏರುಗಳನ್ನು ಜೋಯಿಡಾದ ಕುಣಬಿ ಜನರು ಸಂತೆಗೂ ಆಸ್ಪತ್ರೆಗೂ ನಡೆಯುತ್ತಾರೆ. ವಾಹನ ಮುಟ್ಟದ ಮಜರೆಗಳಲ್ಲಿ ಯಾರಾದರೂ ಕಾಯಿಲೆ ಬಿದ್ದರೆ, ಕಂಬಳಿಯನ್ನು ಬಿದಿರಿನ ಗಳುವಿಗೆ ಕಟ್ಟಿ ಜೋಳಿಗೆ ಮಾಡಿ, ರೋಗಿಯನ್ನು ಅದರಲ್ಲಿ ಮಲಗಿಸಿ, ಹೆಗಲು ಬದಲಾಯಿಸುತ್ತಾ ರಸ್ತೆಯ ತನಕ ಹೊತ್ತು ತರುವದು ಈಗಿನ ಕಾಲದಲ್ಲಿಯೂ ಉಂಟು. ಅಲ್ಲಿ ಯಾರ ಹೆಜ್ಜೆಗೆ ನಡೆಯಬೇಕೆಂದು ಯಾರೂ ಕೇಳುವದಿಲ್ಲ. ಬಲಿಷ್ಠನು ಮುಂದೆ ಓಡಿದರೆ ಗಳುವೇ ಹೆಗಲಿಂದ ಜಾರುವದು. ಒಂದೇ ಗಳುವನ್ನು ಹೊತ್ತವರಿಗೆ ಒಂದೇ ಹೆಜ್ಜೆ. ಆ ಹೆಜ್ಜೆಯನ್ನು ಗೊತ್ತುಮಾಡುವವನು ಒಳಗೆ ಮಲಗಿದವನು. ೧೯೫೩ನೆಯ ಮೇ ೨೯ರಲ್ಲಿ ತೇನ್‌ಸಿಂಗನೂ ಹಿಲರಿಯೂ ಒಂದೇ ಹಗ್ಗಕ್ಕೆ ಕಟ್ಟಿಕೊಂಡು ಎವರೆಸ್ಟನ್ನು ಏರಿದಾಗಲೂ ಹಾಗೆಯೇ ಆಯಿತು. ಮೊದಲು ಕಾಲಿಟ್ಟವರು ಯಾರೆಂದು ಲೋಕವೆಲ್ಲಾ ಕೇಳಿದರೂ, ಕೂಡಿ ಮುಟ್ಟಿದೆವೆಂದೇ ಅವರು ಮೊದಲು ಉತ್ತರ ಕೊಟ್ಟರು. ಸ್ನೇಹವೆಂಬದು ಕಣ್ಣಿಗೆ ಕಾಣದ ಹಗ್ಗ. ಕಾಣದೆ ಇರುವದರಿಂದ ಅದನ್ನು ಬಿಚ್ಚಿಕೊಂಡು ಓಡುವದು ಸುಲಭವಾಗಿದೆ.

ಮತ್ತೊಂದು ಮಾತು. ದಾರಿ ತೋರಿಸುವದಕ್ಕೆ ಆ ಊರಿನವನೊಬ್ಬನನ್ನು ಕೂಲಿಗೆ ಕರೆದುಕೊಂಡು ಹೋಗುವ ವಾಡಿಕೆಯುಂಟು. ಅವನು ನಮ್ಮೆಲ್ಲರಿಗಿಂತ ಚುರುಕಾಗಿ ನಡೆದಾನು. ಆದಕಾರಣ ಅವನಿಗೆ ದಣಿವಿಲ್ಲವೆಂದು ತಿಳಿಯಬಾರದು. ಶರತ್ಕಾಲವು ನಮಗೆ ಬಿಡುವಿನ ಕಾಲವಾದರೆ ಅವನಿಗೆ ಭತ್ತವು ಮಾಗುವ ಕಾಲ. ಅವನ ಮನಸ್ಸು ಗದ್ದೆಯಲ್ಲಿದ್ದೀತು. ಐವರ ಹೊರೆಯನ್ನು ಅವನೊಬ್ಬನ ಬೆನ್ನಿಗೆ ಹೇರಿ, ಬುತ್ತಿ ಬಿಚ್ಚುವಾಗ ಅವನನ್ನು ದೂರ ಕೂಡ್ರಿಸುವವರು, ತಮ್ಮತಮ್ಮೊಳಗೆ ಎಷ್ಟು ಸ್ನೇಹದಿಂದಿದ್ದರೂ, ಕೂಡಿ ನಡೆಯುವದನ್ನು ಇನ್ನೂ ಕಲಿತಿಲ್ಲ.

ಹಾಗಾದರೆ ನಮ್ಮ ಪ್ರಶ್ನೆಗೆ ಉತ್ತರವೇನು? ಬಲಿಷ್ಠನ ಹೆಜ್ಜೆಗೂ ಅಲ್ಲ, ಹಟದಿಂದ ಕೂತವನ ಮನಸ್ಸಿಗೂ ಅಲ್ಲ. ಸತ್ಯವಾಗಿ ಪ್ರಯಾಸಪಡುವವನ ಹೆಜ್ಜೆಗೆ ಎಲ್ಲರೂ ನಡೆಯತಕ್ಕದ್ದು. ಶಿಖರವನ್ನು ಒಬ್ಬನೇ ಕಾಣಬೇಕೆಂಬವನು ಒಬ್ಬನೇ ಹೊರಡಲಿ, ಅದರಲ್ಲಿ ದೋಷವಿಲ್ಲ. ಆದರೆ "ಬನ್ನಿರಿ, ಕೂಡಿ ಹೋಗೋಣ" ಎಂದು ಕರೆದವನು ಆ ಮಾತಿನಿಂದಲೇ ತನ್ನ ವೇಗವನ್ನು ಒತ್ತೆಯಿಟ್ಟನು.

ಪ್ರಿಯ ಓದುಗರೇ, ನಮ್ಮಲ್ಲಿ ಅನೇಕರು ಶಿಖರಗಳನ್ನು ಏರಲಿಕ್ಕಿಲ್ಲ. ಆದರೂ ಮನೆಯಲ್ಲಿ ವೃದ್ಧರಾದ ತಾಯಿತಂದೆಗಳುಂಟು. ಶಾಲೆಯಲ್ಲಿ ಪಾಠವು ತಡವಾಗಿ ತಲೆಗೆ ಹತ್ತುವ ಹುಡುಗನುಂಟು. ಊರಿನಲ್ಲಿ ಸಾಲದ ಹೊರೆಯಿಂದ ಹಿಂದೆ ಬಿದ್ದ ನೆರೆಯವನುಂಟು. ಮುಂದಿನ ತಿರುವಿನಲ್ಲಿ ಕೂತು, "ಇನ್ನೂ ಬರಲಿಲ್ಲವೋ?" ಎಂದು ಕೂಗುವದನ್ನು ಬಿಟ್ಟು, ನಾಲ್ಕು ಮಾರು ಹಿಂದಕ್ಕೆ ಇಳಿದು ಅವರ ಪಕ್ಕದಲ್ಲಿ ನಡೆಯೋಣ.