ಬೆಕ್ಕಿನ ರಕ್ತದಲ್ಲಿ ಸ್ಯಾದ್ವಾದ

ಒಂದೇ ಬೆಕ್ಕು, ಒಂದೇ ಸಲ ತೆಗೆದ ರಕ್ತ, ವರದಿ ಮಾತ್ರ ಎರಡು ಬಗೆ. ಎಲೈಸಾದಲ್ಲಿ ‘ನೆಗೆಟಿವ್’, ಪಿಸಿಆರ್‌ನಲ್ಲಿ ‘ಪಾಸಿಟಿವ್’. ಇದು ಲ್ಯಾಬಿನವರ ಎಡವಟ್ಟೇ ಆಗಿರಬೇಕಿಲ್ಲ. ಎಲೈಸಾ ಹುಡುಕುವುದು ರಕ್ತದಲ್ಲಿ ಓಡಾಡುವ ಪಿ27 ಎಂಬ ವೈರಸ್ ಪ್ರೋಟೀನನ್ನು. ಪಿಸಿಆರ್ ಹುಡುಕುವುದು ಜೀವಕೋಶದ ಡಿಎನ್‌ಎ ಒಳಗೇ ಸೇರಿಕೊಂಡ ವೈರಸ್ಸಿನ ಪ್ರತಿಯನ್ನು. ಮೊದಲನೆಯದು ಇಲ್ಲ, ಎರಡನೆಯದು ಇದೆ. ಹಾಗಾದರೆ ಈ ಬೆಕ್ಕಿಗೆ ಫೆಲೈನ್ ಲ್ಯೂಕೇಮಿಯಾ ವೈರಸ್ ತಗುಲಿದೆಯೋ ಇಲ್ಲವೋ?

ಜೈನ ತಾರ್ಕಿಕರಿಗೆ ಇದು ಪರಿಚಿತ ಇಕ್ಕಟ್ಟು. ಸ್ಯಾದ್ವಾದದ ಪ್ರಕಾರ ಯಾವ ಹೇಳಿಕೆಗೂ ‘ಒಂದು ನೋಟದಿಂದ’ ಎಂಬ ಮಿತಿ ಅಂಟಿಕೊಂಡಿರುತ್ತದೆ. ಒಂದು ನೋಟದಿಂದ ಇದೆ, ಇನ್ನೊಂದರಿಂದ ಇಲ್ಲ, ಇದ್ದೂ ಇಲ್ಲ, ಹೇಳಲಾಗದು. ಹೀಗೆ ಏಳು ಭಂಗಗಳು. ಶಂಕರಾಚಾರ್ಯರು ಬ್ರಹ್ಮಸೂತ್ರ ಭಾಷ್ಯದಲ್ಲಿ ಇದನ್ನು ಖಂಡಿಸಿದರು. ಒಂದೇ ವಸ್ತುವಿನಲ್ಲಿ ಒಮ್ಮೆಗೇ ವಿರುದ್ಧ ಧರ್ಮಗಳು ಇರಲಾರವು ಎಂಬುದು ಒಂದು ಆಕ್ಷೇಪ. ಇನ್ನೊಂದು ಹೆಚ್ಚು ಚುಚ್ಚುವಂಥದು: ತಿಳಿವೇ ಅನಿಶ್ಚಿತವಾದರೆ ಅದನ್ನು ನೆಚ್ಚಿ ಯಾರಾದರೂ ಕಾರ್ಯಕ್ಕಿಳಿಯುವುದು ಹೇಗೆ?

ಪಶುವೈದ್ಯರ ಮೇಜಿನ ಮೇಲೆ ಈ ಆಕ್ಷೇಪಕ್ಕೆ ಜೀವ-ಸಾವಿನ ತೂಕವಿದೆ. 1964ರಲ್ಲಿ ಗ್ಲಾಸ್ಗೋದ ವಿಲಿಯಂ ಜ್ಯಾರೆಟ್ ಮತ್ತು ಸಂಗಡಿಗರು ಈ ವೈರಸ್ಸನ್ನು ಗುರುತಿಸಿದರು. ಒಂದೇ ಮನೆಯ ಹಲವು ಬೆಕ್ಕುಗಳಿಗೆ ದುಗ್ಧಗ್ರಂಥಿಯ ಕ್ಯಾನ್ಸರ್ ಬಂದದ್ದೇ ಸುಳಿವು. 1973ರಲ್ಲಿ ಅಮೆರಿಕದ ವಿಲಿಯಂ ಹಾರ್ಡಿ ರಕ್ತಪರೀಕ್ಷೆಯೊಂದನ್ನು ತಂದರು. ಹಿಂದೆಯೇ ಬಂತು ‘ಪರೀಕ್ಷಿಸಿ, ತೆಗೆದುಹಾಕಿ’ ಎಂಬ ಪದ್ಧತಿ. ‘ತೆಗೆದುಹಾಕಿ’ ಎಂದರೆ ಬೇರೆ ಕೋಣೆಯಲ್ಲಿಡುವುದಷ್ಟೇ ಆಗಿರಲಿಲ್ಲ. ಲಕ್ಷಣವೇ ಇಲ್ಲದ, ತಟ್ಟೆ ನೆಕ್ಕಿ ಆಟವಾಡಿಕೊಂಡಿದ್ದ ಎಷ್ಟೋ ಬೆಕ್ಕುಗಳಿಗೂ ದಯಾಮರಣದ ಸೂಜಿ ಬಿತ್ತು. ಸೋಂಕೇನೋ ತಗ್ಗಿತು. ಆದರೆ ಇಂದು ಪಾಸಿಟಿವ್ ಆದ ಬೆಕ್ಕು ಕೆಲವು ವಾರಗಳಲ್ಲಿ ತಾನಾಗಿ ನೆಗೆಟಿವ್ ಆಗಬಲ್ಲದು. ಒಂದೇ ಪರೀಕ್ಷೆಯ ಮೇಲೆ ಕೊಟ್ಟ ತೀರ್ಪಿನಲ್ಲಿ ಅಂಥವೂ ಹೋಗಿರಬೇಕು. ಶಂಕರರು ಕೇಳಿದ ನಿಶ್ಚಯ ಇಲ್ಲಿ ಸಿಕ್ಕಿತ್ತು, ಆತುರದ ನಿಶ್ಚಯ.

ಮೈಯೊಳಗೆ ನಡೆಯುವುದು ಹೀಗೆ. ಬೆಕ್ಕುಗಳು ಪರಸ್ಪರ ಮೈ ನೆಕ್ಕುವಾಗ, ಒಂದೇ ಬಟ್ಟಲಿನಲ್ಲಿ ತಿನ್ನುವಾಗ ಜೊಲ್ಲಿನ ಮೂಲಕ ವೈರಸ್ ದಾಟುತ್ತದೆ. ಮೊದಲು ಗಂಟಲಿನ ಸುತ್ತಲ ದುಗ್ಧಗ್ರಂಥಿಗಳಲ್ಲಿ ಬೆಳೆದು, ಆಮೇಲೆ ಅಸ್ಥಿಮಜ್ಜೆಯತ್ತ ಹೊರಡುತ್ತದೆ. ಅದನ್ನು ಎದುರಿಸುವುದು ಪ್ರತಿಕಾಯಗಳು ಮಾತ್ರವಲ್ಲ. ಸೋಂಕಿತ ಜೀವಕೋಶಗಳನ್ನೇ ಕೊಲ್ಲುವ ಟಿ ಕಣಗಳು ಅವಕ್ಕಿಂತ ಮೊದಲೇ ಹಾಜರಾಗುತ್ತವೆಂದು ಗ್ಲಾಸ್ಗೋದ ಸಂಶೋಧಕರು ಕಂಡರು. ಇವು ಬೇಗ ಗೆದ್ದರೆ ವೈರಸ್ಸಿನ ಸುಳಿವೇ ಉಳಿಯದು. ತಡವಾಗಿ ಗೆದ್ದರೆ ಅದು ಡಿಎನ್‌ಎಯಲ್ಲಿ ಬಾಯಿಮುಚ್ಚಿ ಕೂರುತ್ತದೆ. ನಮ್ಮ ಎರಡು ವರದಿಯ ಬೆಕ್ಕು ಈ ಗುಂಪಿನದು. ಸೋತರೆ ರಕ್ತಹೀನತೆ, ಕ್ಯಾನ್ಸರ್, ಹೆಚ್ಚಿನವಕ್ಕೆ ಕೆಲವೇ ವರ್ಷಗಳಲ್ಲಿ ಸಾವು. ಮರಿಗಳು ಸೋಲುವುದೇ ಹೆಚ್ಚು.

ಇಷ್ಟಾದರೂ ‘ಒಳಗೆ ನುಗ್ಗಿದ ಪರಕೀಯ’ ಎಂಬ ವಿವರಣೆ ಪೂರ್ತಿ ನಿಲ್ಲುವುದಿಲ್ಲ. ಈ ವೈರಸ್ಸಿನ ಹಳೆಯ ನೆಂಟರ ತುಣುಕುಗಳು ಸಾಕುಬೆಕ್ಕಿನ ವಂಶವಾಹಿಯಲ್ಲಿ ಹುಟ್ಟಿನಿಂದಲೇ ಇವೆ; ತಾಯಿತಂದೆಯಿಂದ ಮರಿಗೆ ಬರುತ್ತವೆ. ಅವು ತಾವೇ ಸೋಂಕು ಹಬ್ಬಿಸಲಾರವು. ಆದರೆ ಈ ವೈರಸ್ಸಿನಲ್ಲೇ ಹಲವು ಗುಂಪುಗಳಿದ್ದು, ಹೊರಗಿನಿಂದ ಬಂದ ಎ ಗುಂಪಿನ ವೈರಸ್ ಇವುಗಳೊಡನೆ ಬೆರೆತಾಗಲೇ ಬಿ ಗುಂಪಿನದು ಹುಟ್ಟುತ್ತದೆ. ಇದೇ ಪಿತ್ರಾರ್ಜಿತದಿಂದ ಬರುವ ಪ್ರೋಟೀನೊಂದು ಇನ್ನೊಂದು ಗುಂಪಿನ ವೈರಸ್ಸಿಗೆ ಜೀವಕೋಶದೊಳಗೆ ನುಗ್ಗಲು ನೆರವಾಗುವುದೂ ಉಂಟು. ಯಾವುದು ಮನೆಯದು, ಯಾವುದು ಹೊರಗಿನದು? ಫ್ಲಾರಿಡಾದ ಪ್ಯಾಂಥರ್‌ಗಳಲ್ಲಿ ಈ ಪಿತ್ರಾರ್ಜಿತವಿಲ್ಲ. ಈ ಶತಮಾನದ ಆರಂಭದಲ್ಲಿ ಸಾಕುಬೆಕ್ಕಿನಿಂದ ದಾಟಿದ ವೈರಸ್ ಅವುಗಳಲ್ಲಿ ಮೂರನ್ನು ಕೊಂದಿತು.

ಸ್ಯಾದ್ವಾದವನ್ನು ‘ಎಲ್ಲವೂ ಸರಿ’ ಎಂಬ ಉದಾರತೆಯಾಗಿ ಓದುವ ಚಾಳಿಯಿದೆ. ಆ ಓದಿಗೆ ಶಂಕರರ ಆಕ್ಷೇಪ ಚೆನ್ನಾಗಿಯೇ ತಾಗುತ್ತದೆ. ಆದರೆ ಯಾವ ನೋಟದಿಂದ ಎಂದು ಗಟ್ಟಿಯಾಗಿ ಹೇಳಬೇಕೆಂಬ ಶಿಸ್ತಾಗಿ ಅದನ್ನು ಓದಿದರೆ ಕಾರ್ಯ ನಿಲ್ಲುವುದಿಲ್ಲ. ವೈದ್ಯರು ಮಾಡುತ್ತಿರುವುದೂ ಅದನ್ನೇ. ವೈರಸ್ ಮೌನವಾಗಿರುವಷ್ಟು ಕಾಲ ಆ ಬೆಕ್ಕು ಜೊಲ್ಲಿನ ಮೂಲಕ ಸೋಂಕು ಹರಡದು, ಸೂಜಿಯ ಮಾತು ಏಳುವುದೇ ಇಲ್ಲ. ಆದರೆ ಅದರ ರಕ್ತವನ್ನು ಇನ್ನೊಂದು ಬೆಕ್ಕಿಗೆ ಏರಿಸಿದರೆ ಸೋಂಕು ದಾಟಬಲ್ಲದು. ಹಾಗಾಗಿ ರಕ್ತ ಕೊಡಲು ಬಂದ ಬೆಕ್ಕಿಗೆ ಎಲೈಸಾ ಒಂದೇ ಸಾಲದು, ಪಿಸಿಆರ್ ಕೂಡ ಆಗಬೇಕು.