ಮಗುವೆಂಬ ನಿಕ್ಷೇಪ

ಭದ್ರೆಯ ದಡದ ಹೊಳೆಹೊನ್ನೂರಿನಲ್ಲಿ ಉತ್ತರಾದಿ ಮಠದ ಪೀಠವನ್ನಲಂಕರಿಸಿದ್ದ ಶ್ರೀ ಸತ್ಯಧರ್ಮತೀರ್ಥರ ವೃಂದಾವನವಿದೆ. ಸಂಸಾರವನ್ನು ತೊರೆದ ಯತಿಗಳ ಸನ್ನಿಧಿಗೆ ಸಂಸಾರಿಗಳು ಮಕ್ಕಳ ಕೈಹಿಡಿದು ಬರುತ್ತಾರೆ. ಪ್ರದಕ್ಷಿಣೆ ಮಾಡಿ, ಆ ಮಕ್ಕಳಿಗೇ ಆಯುಸ್ಸನ್ನೂ ವಿದ್ಯೆಯನ್ನೂ ಬೇಡಿಕೊಂಡು ಹಿಂದಿರುಗುತ್ತಾರೆ. ತ್ಯಾಗಕ್ಕೆ ಇಷ್ಟು ದೊಡ್ಡ ಸ್ಥಾನವನ್ನಿತ್ತ ನಮ್ಮ ಪರಂಪರೆಯು, ಮನುಷ್ಯನು ಏನನ್ನು ಬಿಟ್ಟು ನಡೆಯಬಹುದು, ಏನನ್ನು ಬಿಡಲು ಅವನಿಗೆ ಅಧಿಕಾರವೇ ಇಲ್ಲ ಎಂಬುದನ್ನು ಕೂಡ ಅಷ್ಟೇ ನಿಷ್ಠುರವಾಗಿ ವಿಚಾರಮಾಡಿದೆ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ದೊರೆತು 1909ರಲ್ಲಿ ಆರ್. ಶಾಮಶಾಸ್ತ್ರಿಗಳಿಂದ ಪ್ರಕಟಗೊಂಡ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಹೆಂಡತಿ ಮಕ್ಕಳ ಜೀವನಕ್ಕೆ ಏರ್ಪಾಡು ಮಾಡದೆ ಸಂನ್ಯಾಸಕ್ಕೆ ಹೊರಟವನಿಗೆ ರಾಜನು ದಂಡ ವಿಧಿಸತಕ್ಕದ್ದೆಂಬ ವಿಧಿಯಿದೆ. ಮೋಕ್ಷವನ್ನರಸಿ ಹೊರಟವನಿಗೇ ಈ ನಿರ್ಬಂಧವಿರುವಾಗ, ಕೂಡಿ ಬಾಳಲಾರೆವೆಂದು ಬೇರ್ಪಡುವ ದಂಪತಿಗಳಿಗೆ ಅದಕ್ಕಿಂತ ಸಡಿಲವಾದ ನಿಯಮವಿರಲು ಹೇಗೆ ಸಾಧ್ಯ?

ವಿಚ್ಛೇದನವನ್ನು ಅಧರ್ಮವೆಂದು ಹಳಿಯುವುದು ನನ್ನ ಉದ್ದೇಶವಲ್ಲ. 1955ರ ಹಿಂದೂ ವಿವಾಹ ಅಧಿನಿಯಮವು ಆ ದಾರಿಯನ್ನು ತೆರೆಯಿತು. 1976ರ ತಿದ್ದುಪಡಿಯು ಪರಸ್ಪರ ಸಮ್ಮತಿಯಿಂದಲೇ ಬೇರ್ಪಡುವ ಅವಕಾಶವನ್ನೂ ಕೊಟ್ಟಿತು. ಅನುದಿನದ ಕಲಹದಲ್ಲಿ ಬೇಯುತ್ತಿದ್ದ ಎಷ್ಟೋ ಜೀವಗಳು ಇದರಿಂದ ಉಸಿರಾಡುವಂತಾಯಿತು. ಆದರೆ ಶಿವಮೊಗ್ಗದ ಕುಟುಂಬ ನ್ಯಾಯಾಲಯದ ಪಡಸಾಲೆಯಲ್ಲಿ ನಿಂತು ಕೇಳಿದರೆ, 'ಮಗು ಯಾರಿಗೆ?' ಎಂಬ ಒಂದು ಪ್ರಶ್ನೆ, ಮನೆ ಯಾರಿಗೆ, ಒಡವೆ ಯಾರಿಗೆ ಎಂಬ ಪ್ರಶ್ನೆಗಳ ಸಾಲಿನಲ್ಲಿಯೇ, ಅದೇ ಧ್ವನಿಯಲ್ಲಿ ಕೇಳಿಬರುತ್ತದೆ. ಈ ಪ್ರಶ್ನೆಯನ್ನು ಹೀಗೆ ಕೇಳುವುದರಲ್ಲಿಯೇ ದೋಷವಿದೆಯೆಂದು ನನ್ನ ನಂಬಿಕೆ.

ನಮ್ಮ ಸ್ಮೃತಿಕಾರರಲ್ಲಿ ಯಾಜ್ಞವಲ್ಕ್ಯನು ದಾನದ ಪ್ರಕರಣದಲ್ಲಿ, ಕುಟುಂಬಕ್ಕೆ ಬಾಧೆಯಾಗದಂತೆ ತನ್ನದನ್ನು ಕೊಡಬಹುದು, ಆದರೆ ಹೆಂಡತಿಯನ್ನೂ ಮಗನನ್ನೂ ಕೊಡಲಾಗದು ಎನ್ನುತ್ತಾನೆ. ನಾರದನು ಕೊಡಬಾರದವುಗಳನ್ನು ಎಣಿಸುವಾಗ ಮಗನನ್ನು ಯಾವುದರ ಜೊತೆಗೆ ಸೇರಿಸಿದ್ದಾನೆಂಬುದು ಗಮನಾರ್ಹ: ಒತ್ತೆಯಿಟ್ಟ ವಸ್ತು, ಎರವಲು ತಂದ ವಸ್ತು, ನಂಬಿ ಇಟ್ಟುಹೋದ ನಿಕ್ಷೇಪ, ಇವುಗಳ ಸಾಲಿನಲ್ಲಿ. ನಮ್ಮ ಕೈಯಲ್ಲಿದ್ದೂ ನಮ್ಮದಲ್ಲದ ವಸ್ತುಗಳ ಸಾಲು ಅದು. ದತ್ತಕದ ವಿಧಿ ಇದಕ್ಕೆ ಅಪವಾದವಾಗಿ ಬಂದಿತು ನಿಜ. ಆದರೆ ಅಪವಾದವನ್ನು ಅಷ್ಟು ಕಟ್ಟುಪಾಡುಗಳ ನಡುವೆ ಇಡಬೇಕಾಗಿ ಬಂದುದೇ ಮೂಲನಿಯಮದ ಬಲವನ್ನು ತೋರಿಸುತ್ತದೆ.

ನಿಕ್ಷೇಪದ ಧರ್ಮವು ಬಹಳ ಸೂಕ್ಷ್ಮವಾದದ್ದು. ಒಬ್ಬನು ಪಾತ್ರೆಯೊಂದರಲ್ಲಿ ಮುಚ್ಚಿ, ಒಳಗೆ ಏನಿದೆಯೆಂದು ಹೇಳದೆ ಇನ್ನೊಬ್ಬನ ಕೈಯಲ್ಲಿಟ್ಟರೆ, ಅದನ್ನು ಇಟ್ಟಂತೆಯೇ ಹಿಂದಿರುಗಿಸಬೇಕು. ರಾಜನಿಂದಲೋ ದೈವದಿಂದಲೋ ಕಳ್ಳರಿಂದಲೋ ಅದು ಹೋದರೆ ಕಾಪಾಡುವವನಿಗೆ ದೋಷವಿಲ್ಲ. ಆದರೆ ತನ್ನ ಇಚ್ಛೆಯಂತೆ ಅದರಿಂದ ಜೀವನಮಾಡಿದವನು ದಂಡಕ್ಕೆ ಗುರಿಯಾಗಿ, ಬಡ್ಡಿಸಹಿತ ಕೊಡಬೇಕಾಗುತ್ತದೆ. ಮಗುವೆಂದರೆ ಹಾಗೆ ಮುಚ್ಚಿಟ್ಟ ಪಾತ್ರೆ. ಒಳಗೆ ಯಾವ ಬುದ್ಧಿ, ಯಾವ ಸ್ವಭಾವ, ಯಾವ ಪ್ರತಿಭೆಯಿದೆಯೋ ಕಾಪಾಡುವ ಇಬ್ಬರಿಗೂ ತಿಳಿಯದು. ಅದರ ಮೂಲಕ ಮಾಜಿ ಪತಿಯ ಮೇಲೋ ಪತ್ನಿಯ ಮೇಲೋ ಸೇಡು ತೀರಿಸಿಕೊಳ್ಳುವುದು, ಅದರ ಬಾಯಿಂದ ಇನ್ನೊಂದು ಮನೆಯ ಸುದ್ದಿ ತೆಗೆಯುವುದು, ಅದನ್ನು ತೋರಿಸಿ ಹಣ ಕೇಳುವುದು, ಇವೆಲ್ಲವೂ ನಿಕ್ಷೇಪದಿಂದ ಜೀವನ ಮಾಡುವ ಅಪರಾಧಗಳೇ.

ಇನ್ನೊಂದು ಮಾತು. ಕಲ್ಯಾಣದ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ಈ ನಮ್ಮ ನಾಡಿನಲ್ಲಿಯೇ ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು, ಸಪಿಂಡತೆಯೆಂಬುದು ಶ್ರಾದ್ಧದ ಪಿಂಡದಿಂದ ಹುಟ್ಟುವ ಸಂಬಂಧವಲ್ಲ, ಒಂದೇ ಶರೀರದ ಅಂಶಗಳು ಹರಿದುಬರುವುದರಿಂದ ಹುಟ್ಟುವ ಸಂಬಂಧವೆಂದು ಸ್ಥಾಪಿಸಿದನು. ಹಾಗಾದರೆ ಬೇರೆ ಬೇರೆ ವಂಶದ ಗಂಡಹೆಂಡಿರು ಸಪಿಂಡರಾಗುವುದು ಹೇಗೆಂಬ ಶಂಕೆಗೆ ಅವನು ಕೊಟ್ಟ ಸಮಾಧಾನ, ಅವರಿಬ್ಬರೂ ಕೂಡಿ ಒಂದು ಶರೀರವನ್ನು ಆರಂಭಿಸುತ್ತಾರೆಂಬುದು. ಎಂಟುನೂರು ವರ್ಷಗಳಿಗೂ ಹಿಂದಿನ ಈ ಮಾತಿನ ಮುಂದೆ ನಾನು ಬಹಳ ಹೊತ್ತು ನಿಂತಿದ್ದೇನೆ. ನ್ಯಾಯಾಲಯದ ಡಿಕ್ರಿಯು ಕರಾರನ್ನೂ ಸಂಸ್ಕಾರವನ್ನೂ ಬಿಚ್ಚಬಲ್ಲುದು. ಆರಂಭಿಸಿದ ಆ ಶರೀರವು ಶಾಲೆಗೆ ಹೋಗುತ್ತ, ಜ್ವರದಲ್ಲಿ ಮಲಗುತ್ತ, ಬೆಳೆಯುತ್ತ ಇರುವಷ್ಟು ಕಾಲ ಅವರಿಬ್ಬರ ಸಂಬಂಧದ ಒಂದು ಎಳೆಯನ್ನು ಯಾವ ಡಿಕ್ರಿಯೂ ಮುಟ್ಟಲಾರದು.

ಆಧುನಿಕ ನ್ಯಾಯವೂ ನಿಧಾನವಾಗಿ ಇಲ್ಲಿಗೇ ಬಂದಿದೆ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಅಧಿನಿಯಮವು ತಂದೆಯನ್ನು ಸ್ವಾಭಾವಿಕ ಪಾಲಕನೆಂದೂ ಅವನ ತರುವಾಯ ತಾಯಿಯೆಂದೂ ಹೇಳಿ, ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿಯಲ್ಲಿರತಕ್ಕದ್ದೆಂದಿತು. ಆದರೂ ಎಲ್ಲಕ್ಕೂ ಮೇಲೆ ಮಗುವಿನ ಕ್ಷೇಮವೇ ಪರಮವೆಂದು ಹದಿಮೂರನೆಯ ಪ್ರಕರಣದಲ್ಲಿ ಬರೆಯಿತು. ಲೇಖಕಿ ಗೀತಾ ಹರಿಹರನ್ ಅವರು ಮಗನ ಹೆಸರಿನ ರಿಸರ್ವ್ ಬ್ಯಾಂಕ್ ಬಾಂಡುಗಳಿಗೆ ತಾವೇ ಪಾಲಕಿಯಾಗಿ ಸಹಿಹಾಕಿದುದರಿಂದ ಎದ್ದ ವ್ಯಾಜ್ಯದಲ್ಲಿ, ಸರ್ವೋಚ್ಚ ನ್ಯಾಯಾಲಯವು 1999ರಲ್ಲಿ, ತಂದೆ ಜೀವಂತನಾಗಿದ್ದರೂ ಮಗುವಿನ ಯೋಗಕ್ಷೇಮದಲ್ಲಿ ಇಲ್ಲದವನಾಗಿದ್ದರೆ ತಾಯಿಯೇ ಪಾಲಕಿಯಾಗಬಹುದೆಂದು ತೀರ್ಮಾನಿಸಿತು. ನಮ್ಮ ಕರ್ನಾಟಕದ ಉಚ್ಚ ನ್ಯಾಯಾಲಯದ ದ್ವಿಸದಸ್ಯ ಪೀಠವು 2013ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಮಗುವು ಜನವರಿಯಿಂದ ಜೂನ್‌ವರೆಗೆ ತಂದೆಯೊಡನೆ, ಜುಲೈಯಿಂದ ಡಿಸೆಂಬರ್‌ವರೆಗೆ ತಾಯಿಯೊಡನೆ ಇರತಕ್ಕದ್ದು, ಒಬ್ಬರ ಬಳಿಯಿರುವಾಗ ಇನ್ನೊಬ್ಬರು ಶನಿವಾರ ಭಾನುವಾರಗಳಲ್ಲಿ ಕಾಣಬಹುದು, ದೂರವಾಣಿಯಲ್ಲಿ ಮಾತನಾಡಬಹುದು, ವಿದ್ಯಾಭ್ಯಾಸವೇ ಮೊದಲಾದ ವೆಚ್ಚವನ್ನು ಇಬ್ಬರೂ ಸಮವಾಗಿ ಹೊರಬೇಕು. 2015ರಲ್ಲಿ ಕಾನೂನು ಆಯೋಗವು ತನ್ನ 257ನೆಯ ವರದಿಯಲ್ಲಿ ಜಂಟಿ ಪೋಷಣೆಯನ್ನು ಕಾನೂನಿಗೇ ಸೇರಿಸಬೇಕೆಂದು ಶಿಫಾರಸು ಮಾಡಿದಾಗ ಈ ತೀರ್ಪನ್ನು ಉಲ್ಲೇಖಿಸಿತು.

ಕಾಲವನ್ನು ಹೀಗೆ ಭಾಗಿಸುವುದು ಸುಲಭ. ಹಣದ ವಿಷಯದಲ್ಲಿ ತೊಡಕು ಹೆಚ್ಚು. ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ತಮ್ಮ ಆಸ್ತಿ ಹೊಣೆಗಳನ್ನು ಪ್ರಮಾಣಪತ್ರದಲ್ಲಿ ಹೇಳಬೇಕೆಂದೂ, ಅರ್ಜಿ ಸಲ್ಲಿಸಿದ ದಿನದಿಂದಲೇ ಜೀವನಾಂಶ ಸಲ್ಲಬೇಕೆಂದೂ ವಿಧಿಸಿತು. ಇದು ಸಂಬಳದಾರರಿಗೆ ಹೊಂದುತ್ತದೆ. ಹೊಳೆಹೊನ್ನೂರಿನ ಸುತ್ತಿನ ಅಡಿಕೆ ಬೆಳೆಗಾರನಿಗೆ ಹಣ ಕಾಣುವುದು ಕೊಯ್ಲಾಗಿ, ಸುಲಿದು ಬೇಯಿಸಿ ಒಣಗಿಸಿದ ಅಡಿಕೆ ಮಂಡಿಗೆ ಹೋದ ಮೇಲೆ. ಇಲ್ಲವೇ ತೋಟವನ್ನು ಚೇಣಿಗೆ ಕೊಟ್ಟಾಗ ಕೈಗೆ ಬಂದ ಮುಂಗಡದಲ್ಲಿ. ಅಂಥವನಿಗೆ ತಿಂಗಳ ಐದನೆಯ ತಾರೀಖಿಗೆ ಇಷ್ಟು ಎಂದು ವಿಧಿಸಿದರೆ ಆಷಾಢದಲ್ಲಿ ತಪ್ಪುವುದು ಬಹುಮಟ್ಟಿಗೆ ಖಂಡಿತ. ತಪ್ಪಿದೊಡನೆ ಮಗುವನ್ನು ಕಳಿಸುವುದು ನಿಲ್ಲುತ್ತದೆ. ಕಳಿಸದಿದ್ದ ಕಾರಣಕ್ಕೆ ಅವನು ಮುಂದಿನ ಕಂತನ್ನೂ ನಿಲ್ಲಿಸುತ್ತಾನೆ. ಫಸಲಿನ ಕಾಲದಲ್ಲಿ ವರ್ಷದ ಶಾಲಾಶುಲ್ಕವನ್ನು ಒಟ್ಟಾಗಿ ಕಟ್ಟಿ, ಉಳಿದ ತಿಂಗಳುಗಳಿಗೆ ಸಣ್ಣ ಮೊತ್ತವನ್ನಿಡುವಂತೆ ರಾಜಿಪತ್ರದಲ್ಲಿ ಬರೆಯಬಾರದೆಂದು ಯಾರೂ ಹೇಳಿಲ್ಲ. ವಿವಾಹ ಅಧಿನಿಯಮದ 26ನೆಯ ಪ್ರಕರಣವು ಮಕ್ಕಳ ವಿಷಯದ ಆಜ್ಞೆಯನ್ನು ಡಿಕ್ರಿಯ ಅನಂತರವೂ ಬದಲಾಯಿಸುವ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಟ್ಟಿರುವುದು ಇಂಥ ಸಂದರ್ಭಗಳಿಗಾಗಿಯೇ. ಭದ್ರಾವತಿಯಲ್ಲಿ ಕಾಗದದ ಕಾರ್ಖಾನೆ ನಿಂತುಹೋದ ಮೇಲೆ ಕೆಲಸ ಕಳೆದುಕೊಂಡ ಮನೆಗಳನ್ನು ಬಲ್ಲವರಿಗೆ ಇದರ ಅಗತ್ಯ ತಿಳಿದೀತು.

ಆದರೆ ಮೊತ್ತ ಬದಲಾಗಬಹುದೇ ಹೊರತು ಋಣ ಬದಲಾಗದು. ಆ ಹಣವು ಪರಿತ್ಯಕ್ತ ಪತ್ನಿಗೆ ಕೊಡುವ ಪರಿಹಾರವಲ್ಲ, ಮಗುವಿಗೆ ಸಲ್ಲುವ ಋಣ. ಜಾತಿಯ ಹಿರಿಯರ ಮುಂದೆ ಛಾಪಾಕಾಗದದಲ್ಲಿ 'ಮಗುವಿಗೆ ಏನೂ ಕೇಳುವುದಿಲ್ಲ' ಎಂದು ತಾಯಿಯಿಂದ ಬರೆಸಿಕೊಳ್ಳುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಮಗುವಿನ ಹಕ್ಕನ್ನು ಅವಳು ಬಿಟ್ಟುಕೊಡಲು ಬರುವುದಿಲ್ಲವಾದ್ದರಿಂದ ಅಂಥ ಬರೆಹಕ್ಕೆ ನ್ಯಾಯಾಲಯಗಳು ಬೆಲೆ ಕೊಡುವುದಿಲ್ಲ. ಅಂತೆಯೇ ಮಗುವಿನ ದರ್ಶನವೂ ತಂದೆ ಹಣಕೊಟ್ಟು ಕೊಂಡ ಸರಕಲ್ಲ. ತಂದೆಯನ್ನು ಕಾಣುವ ಹಕ್ಕು ಮಗುವಿನದು. ಎರಡನ್ನೂ ಒಂದರ ಬದಲು ಒಂದು ಎಂದು ತೂಗಿದ ಕ್ಷಣದಲ್ಲಿ ಮಗುವು ಸರಕಾಗುತ್ತದೆ. ಇಸ್ಲಾಮೀ ನ್ಯಾಯವು ಈ ಭೇದವನ್ನು ಬಹಳ ಹಿಂದೆಯೇ ಕಂಡಿತ್ತು: ಮಗುವನ್ನು ಸಾಕುವ ಹಿಜಾನತ್ ತಾಯಿಯದು, ಹನಫೀ ಪದ್ಧತಿಯಲ್ಲಿ ಗಂಡುಮಗುವಿಗೆ ಏಳು ವರ್ಷದವರೆಗೆ, ಹೆಣ್ಣಿಗೆ ಪ್ರಾಯಕ್ಕೆ ಬರುವವರೆಗೆ, ಆ ಅವಧಿಯಲ್ಲಿಯೂ ವೆಚ್ಚದ ಹೊಣೆ ತಂದೆಯ ಮೇಲೆಯೇ.

ಶನಿವಾರದ ಮಧ್ಯಾಹ್ನ ಬಸ್ ನಿಲ್ದಾಣದಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಹೊರಟಿದ್ದ ಹುಡುಗನೊಬ್ಬನ ಚೀಲವನ್ನು ನಾನು ಕಂಡಿದ್ದೇನೆ. ಅದರಲ್ಲಿ ಸಮವಸ್ತ್ರ, ಕೆಮ್ಮಿನ ಔಷಧದ ಸೀಸೆ, ಅದಕ್ಕೆ ರಬ್ಬರ್ ಬ್ಯಾಂಡಿನಿಂದ ಸುತ್ತಿದ ಚೀಟಿ. ಚೀಟಿಯಲ್ಲಿ ತಾಯಿಯ ಅಕ್ಷರದಲ್ಲಿ, ಊಟವಾದ ಮೇಲೆ ಎಷ್ಟು ಚಮಚ ಎಂದು ಬರೆದಿತ್ತು. ಪರಸ್ಪರ ಮಾತು ಬಿಟ್ಟಿದ್ದ ಇಬ್ಬರ ನಡುವೆ ಆ ಚೀಟಿ ಹೋಗುತ್ತಿತ್ತು. ವಿಜ್ಞಾನೇಶ್ವರನು ಹೇಳಿದ ಎಳೆ ಇದಕ್ಕಿಂತ ಸ್ಪಷ್ಟವಾಗಿ ನನ್ನ ಕಣ್ಣಿಗೆ ಬಿದ್ದಿಲ್ಲ.

ಇನ್ನು ಮಗುವಿನ ಸ್ವಂತ ಆಸ್ತಿಯ ವಿಚಾರ. 1961ರ ಆದಾಯತೆರಿಗೆ ಅಧಿನಿಯಮವು ಮಗುವಿನ ಹೆಸರಿನ ಠೇವಣಿಯ ಬಡ್ಡಿಯನ್ನು, ವಿವಾಹ ಉಳಿದಿಲ್ಲದ ಪಕ್ಷದಲ್ಲಿ, ಆ ವರ್ಷ ಮಗುವನ್ನು ಪೋಷಿಸುವವರ ಆದಾಯಕ್ಕೆ ಸೇರಿಸಿತು. ಆರಾರು ತಿಂಗಳು ಹಂಚಿಕೊಂಡು ಪೋಷಿಸುವ ಇಬ್ಬರನ್ನು ಅದು ಊಹಿಸಿಯೇ ಇರಲಿಲ್ಲ, ಆದ್ದರಿಂದ ಯಾರು ತೋರಿಸಬೇಕೆಂಬುದನ್ನು ರಾಜಿಪತ್ರದಲ್ಲಿಯೇ ಬರೆದಿಡುವುದು ಲೇಸು. ಪಾಲಾಗಿ ಮಗುವಿನ ಹೆಸರಿಗೆ ಬಂದ ತೋಟವನ್ನೋ ನಿವೇಶನವನ್ನೋ ತಂದೆಯಾಗಲಿ ತಾಯಿಯಾಗಲಿ ನ್ಯಾಯಾಲಯದ ಪೂರ್ವಾನುಮತಿಯಿಲ್ಲದೆ ಮಾರುವಂತಿಲ್ಲ. ಮಗುವಿನ ಅಗತ್ಯ ಅಥವಾ ಅದರ ಸ್ಪಷ್ಟವಾದ ಲಾಭ ಕಾಣದೆ ನ್ಯಾಯಾಲಯ ಅನುಮತಿಯನ್ನು ಕೊಡುವಂತೆಯೂ ಇಲ್ಲ. ಅನುಮತಿಯಿಲ್ಲದೆ ಮಾರಿದ್ದರೆ, ನಿಕ್ಷೇಪಕ್ಕೆ ಒಡೆಯನಾದ ಆ ಮಗು ಹದಿನೆಂಟು ತುಂಬಿದ ಮೇಲೆ ಮೂರು ವರ್ಷಗಳೊಳಗೆ ದಾವೆ ಹೂಡಿ, ತನ್ನನ್ನು ಕಾಪಾಡಲಿದ್ದವರಿಂದಲೇ ಲೆಕ್ಕ ಕೇಳಬಹುದು.